ನೆಲದಡಿಯ ನೀರಿನ ಜಾಡು: ಕುರುಹುದ್ರವ್ಯಗಳ ಸಾಕ್ಷ್ಯದ ವಿಮರ್ಶೆ

೧

ಕಣ್ಣಿಗೆ ಕಾಣದ ನೀರು ಎಲ್ಲಿಂದ ಹೊರಟು ಎಲ್ಲಿಗೆ ಸೇರುವುದೆಂಬ ಪ್ರಶ್ನೆ ಬಹು ಹಳೆಯದು. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು ಕಾಶಿಯಿಂದ ಬರತಕ್ಕದ್ದೆಂದು ಜನರು ನಂಬಿರುವರು. ಒಂದೆಡೆಯ ಮಡುವಿನಲ್ಲಿ ಬಿಟ್ಟ ನಿಂಬೆಯ ಹಣ್ಣು ಹರದಾರಿಗಳಾಚೆಯ ಹೊಂಡದಲ್ಲಿ ತೇಲಿತೆಂಬ ಕಥೆಯೂ ಅಲ್ಲಲ್ಲಿ ಕೇಳಿಬರುವುದುಂಟು. ಈ ಕಥೆಗಳ ಸತ್ಯಾಸತ್ಯತೆ ಇಲ್ಲಿ ಪ್ರಕೃತವಲ್ಲ. ಅವುಗಳಲ್ಲಿ ಅಡಗಿರುವ ಯುಕ್ತಿಯು ಮಾತ್ರ ವಿಚಾರಾರ್ಹವಾದುದು. ನೀರು ತನ್ನ ದಾರಿಯನ್ನು ತಾನೇ ಹೇಳಲಾರದು. ಆದುದರಿಂದ ಗುರುತು ಹಿಡಿಯಲು ಬರುವ ಪದಾರ್ಥವೊಂದನ್ನು ಅದರೊಡನೆ ಕಳುಹಿಸಿ, ಆ ಪದಾರ್ಥವು ಎಲ್ಲಿ, ಯಾವಾಗ, ಎಷ್ಟು ಪ್ರಮಾಣದಲ್ಲಿ ಹೊರಬರುವುದೆಂಬುದನ್ನು ಕಾದು ನೋಡಬೇಕು. ನಿಂಬೆಯ ಹಣ್ಣಿನ ಸ್ಥಾನದಲ್ಲಿ ಇಂದಿನ ವಿಜ್ಞಾನಿಗಳು ಲವಣವನ್ನೂ ಬಣ್ಣವನ್ನೂ ಟ್ರಿಟಿಯಮ್ ಎಂಬ ವಿಕಿರಣಶೀಲ ಜಲಜನಕವನ್ನೂ ಬಳಸುತ್ತಾರೆ. ಇಂಥ ಪದಾರ್ಥಕ್ಕೆ ‘ಶೋಧಕ’ವೆಂಬ ಹೆಸರನ್ನು ಕೆಲವರು ಕೊಡಬಹುದು, ಆದರೆ ಶೋಧಿಸುವವನು ಮನುಷ್ಯನೇ ಹೊರತು ಪದಾರ್ಥವಲ್ಲ. ಪದಾರ್ಥವು ಕೇವಲ ಕುರುಹು. ಆದಕಾರಣ ‘ಕುರುಹುದ್ರವ್ಯ’ವೆಂಬ ಹೆಸರೇ ತಕ್ಕುದಾಗಿ ತೋರುವುದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ರೈತರಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ಒಬ್ಬನ ಹೊಲದಲ್ಲಿ ತೆಗೆದ ಇಂಗುಗುಂಡಿಯ ನೀರು ಯಾರ ಕೊಳವೆಬಾವಿಯನ್ನು ಸೇರುವುದು? ಮೇಲಿನ ಊರಿನ ಕೆರೆ ತುಂಬಿದರೆ ಕೆಳಗಿನ ಊರಿನ ಬಾವಿಗೆ ಪಾಲು ಬರುವುದೋ ಇಲ್ಲವೋ? ಹೊಲದ ಗೊಬ್ಬರದಿಂದ ಹೊರಟ ನೈಟ್ರೇಟು ಕುಡಿಯುವ ನೀರಿಗೆ ಬೀಳುವುದೋ? ಇವೆಲ್ಲವೂ ದಾರಿಯ ಪ್ರಶ್ನೆಗಳು. ಇವುಗಳಿಗೆ ಕುರುಹುದ್ರವ್ಯದ ಸಾಕ್ಷ್ಯವೇ ನೇರವಾದ ಉತ್ತರವೆಂದು ಹೇಳುವುದುಂಟು. ಆ ಸಾಕ್ಷ್ಯದ ಬೆಲೆಯೆಷ್ಟು, ಅದರ ಎಲ್ಲೆ ಯಾವುದು ಎಂಬುದನ್ನು ಪರೀಕ್ಷಿಸುವುದೇ ಈ ವಿಮರ್ಶೆಯ ಉದ್ದೇಶ.

೨

ಈ ವಿದ್ಯೆಯ ಪ್ರಸಿದ್ಧವಾದ ಆದಿ ಪ್ರಯೋಗಗಳಲ್ಲೊಂದು ೧೮೭೭ ರಲ್ಲಿ ಜರ್ಮನಿಯಲ್ಲಿ ನಡೆಯಿತು. ಡಾನ್ಯೂಬ್ ನದಿಯು ಇಮೆಂಡಿಂಗೆನ್ ಎಂಬ ಊರಿನ ಬಳಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಅಲ್ಲಿಂದ ಸುಮಾರು ೧೨ ಕಿಲೋಮೀಟರು ದೂರದಲ್ಲಿ ಆಖ್ ಎಂಬ ದೊಡ್ಡ ಸೆಲೆಯಿದೆ; ಅದರ ನೀರು ರೈನ್ ನದಿಯನ್ನು ಸೇರುವಂಥದು. ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿಯು ನದಿ ಇಂಗುವ ಸ್ಥಳದಲ್ಲಿ ಮೊದಲು ೨೦ ಟನ್ನು ಉಪ್ಪನ್ನೂ ಅನಂತರ ೧೦ ಕಿಲೋಗ್ರಾಮು ಫ್ಲೂರೆಸೀನ್ ಬಣ್ಣವನ್ನೂ ಹಾಕಿಸಿದನು. ಸುಮಾರು ೬೦ ಗಂಟೆಗಳಾದ ಬಳಿಕ ಆಖ್ ಸೆಲೆಯ ನೀರು ಹಸುರು ಹೊಳಪಿನಿಂದ ಹೊರಬಂದಿತು. ಎರಡು ನೀರಿಗೂ ಸಂಬಂಧವುಂಟೆಂಬುದು ಇದರಿಂದ ನಿರ್ವಿವಾದವಾಯಿತು.

ಆದರೆ ವಿವಾದವು ಅಲ್ಲಿಗೆ ಮುಗಿಯಲಿಲ್ಲ. ಡಾನ್ಯೂಬಿನ ಕೆಳದಂಡೆಯ ವುರ್ಟೆಂಬರ್ಗ್ ಸಂಸ್ಥಾನಕ್ಕೂ ಸೆಲೆಯ ಲಾಭವನ್ನು ಪಡೆಯುತ್ತಿದ್ದ ಬಾಡೆನ್ ಸಂಸ್ಥಾನಕ್ಕೂ ನಡೆದ ವ್ಯಾಜ್ಯವು ೧೯೨೭ ರಲ್ಲಿ ಜರ್ಮನಿಯ ರಾಜ್ಯಾಂಗ ನ್ಯಾಯಸ್ಥಾನದ ಮುಂದೆ ಬಂದಿತು. ಸಹಜವಾಗಿ ಇಂಗುವ ನೀರನ್ನು ಮೇಲಿನವರು ತಡೆದು ಕೊಡಬೇಕಾಗಿಲ್ಲ, ಆದರೆ ಕೃತಕವಾಗಿ ಇಂಗುವಿಕೆಯನ್ನು ಹೆಚ್ಚಿಸಕೂಡದು ಎಂಬ ತತ್ತ್ವವನ್ನು ಆ ನ್ಯಾಯಸ್ಥಾನವು ಎತ್ತಿಹಿಡಿಯಿತು. ಇಲ್ಲಿ ಲಕ್ಷಿಸತಕ್ಕ ಸಂಗತಿಯೇನೆಂದರೆ, ಹಸುರು ಬಣ್ಣವು ‘ಸಂಬಂಧವುಂಟು’ ಎಂಬ ಒಂದು ಮಾತನ್ನು ಮಾತ್ರ ಹೇಳಬಲ್ಲುದಾಗಿದ್ದಿತು. ‘ಎಷ್ಟು ಪಾಲು?’ ಎಂಬ ಪ್ರಶ್ನೆಗೆ ಬಣ್ಣವು ಕಂಡಿತೆಂಬುದೊಂದೇ ಉತ್ತರವಾಗಲಾರದು. ಹಾಕಿದ ದ್ರವ್ಯದಲ್ಲಿ ಎಷ್ಟಂಶ ಹಿಂದಿರುಗಿತೆಂಬ ಲೆಕ್ಕವು ಅದಕ್ಕೆ ಬೇಕು.

ಭೂಮಿಯ ಶಾಖವನ್ನು ಬಳಸಿ ವಿದ್ಯುತ್ತನ್ನು ಹುಟ್ಟಿಸುವ ಉಷ್ಣಜಲಾಶಯಗಳಲ್ಲಿ ಈ ಭೇದವು ಇನ್ನೂ ಸ್ಫುಟವಾಗಿ ಕಾಣುವುದು. ನ್ಯೂಜಿಲೆಂಡಿನ ವೈರಾಕೆಯಲ್ಲಿ ವಿದ್ಯುತ್ ಕೇಂದ್ರವು ೧೯೫೮ ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯದ ಗೀಸರ್ಸ್ ಎಂಬಲ್ಲಿ ಉಗಿಯ ಒತ್ತಡವನ್ನು ಕಾಪಾಡುವುದಕ್ಕಾಗಿ ಊರುಗಳ ಶುದ್ಧೀಕರಿಸಿದ ಬಚ್ಚಲು ನೀರನ್ನು ೧೯೯೭ ರಿಂದ ಕೊಳವೆಗಳ ಮೂಲಕ ತಂದು ನೆಲದೊಳಕ್ಕೆ ಇಳಿಸಲಾಗುತ್ತಿದೆ. ಹೀಗೆ ಇಳಿಸಿದ ತಣ್ಣೀರು ಬಿಸಿಬಂಡೆಗಳ ನಡುವೆ ನಿಧಾನವಾಗಿ ಸುತ್ತಿ ಬಂದರೆ ಶಾಖವನ್ನು ಹೊತ್ತು ತರುವುದು. ಕಿರಿದಾದ ಅಡ್ಡದಾರಿಯಲ್ಲಿ ನುಗ್ಗಿ ಬಂದರೆ ಶಾಖವನ್ನು ಕೊಡುವ ಬಾವಿಯನ್ನೇ ತಣ್ಣಗೆ ಮಾಡುವುದು. ಜಪಾನಿನ ಹಟ್ಚೊಬಾರುವಿನಲ್ಲಿ ಇಂಥ ಹಾನಿಯೇ ಸಂಭವಿಸಿತು. ಆದುದರಿಂದ ತಣ್ಣೀರಿಗೆ ಮುಂಚಿತವಾಗಿ ಕುರುಹುದ್ರವ್ಯವನ್ನು ದೂತನಂತೆ ಕಳುಹಿಸುವ ಪದ್ಧತಿಯು ಬಳಕೆಗೆ ಬಂದಿತು. ನೀರು ಹೋದಷ್ಟು ವೇಗದಲ್ಲಿ ತಂಪು ಹೋಗಲಾರದು. ದಾರಿಯ ಬಂಡೆಯೆಲ್ಲವೂ ತಣಿದ ಮೇಲೆಯೇ ತಂಪು ಮುಂದುವರಿಯಬೇಕು. ದೂತನ ಸುದ್ದಿ ಮೊದಲು ಬಂದು ಎಚ್ಚರಿಕೆಯನ್ನು ಕೊಡುವುದು ಈ ಕಾರಣದಿಂದಲೇ.

ಆ ದೂತನ ಮಾತನ್ನೂ ತಿಳಿದು ಕೇಳಬೇಕು. ಫ್ಲೂರೆಸೀನ್ ಬಣ್ಣವು ಸುಮಾರು ೨೫೦ ಡಿಗ್ರಿಗೆ ಮೀರಿದ ಶಾಖದಲ್ಲಿ ಬೇಗನೆ ಕ್ಷಯಿಸಿಹೋಗುವುದು. ಅಂಥ ಜಲಾಶಯದಲ್ಲಿ ಬಣ್ಣವು ಹೊರಬರಲಿಲ್ಲವೆಂದು ‘ಸಂಬಂಧವಿಲ್ಲ’ವೆಂದು ತೀರ್ಮಾನಿಸಿದರೆ ಅದು ದಾರಿಯಲ್ಲಿ ಸತ್ತ ದೂತನನ್ನು ಹೊರಡಲೇ ಇಲ್ಲವೆಂದು ಹೇಳಿದಂತಾಗುವುದು. ಈ ನ್ಯೂನತೆಯನ್ನು ಪರಿಹರಿಸುವುದಕ್ಕಾಗಿಯೇ ಹೆಚ್ಚಿನ ಶಾಖವನ್ನು ತಾಳಿಕೊಳ್ಳಬಲ್ಲ ನಾಫ್ತಲೀನ್ ಸಲ್ಫೋನೇಟುಗಳು ಬಳಕೆಗೆ ಬಂದುವು. ನಮ್ಮ ದೇಶದ ಪ್ರಮಾಣಶಾಸ್ತ್ರದಲ್ಲಿ ಅನುಪಲಬ್ಧಿಯ ವಿಚಾರವಾಗಿ ಹೇಳಿರುವ ನಿಯಮವು ಇಲ್ಲಿ ಅಕ್ಷರಶಃ ಸಲ್ಲುವುದು: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದಂಥ ಸನ್ನಿವೇಶದಲ್ಲಿ ಅದು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದು ಗಡಿಗೆಯಿಲ್ಲವೆಂಬುದಕ್ಕೆ ಪ್ರಮಾಣವಲ್ಲ.

೩

ಕನ್ನಡನಾಡಿನ ನೆಲವು ಇಂಥ ಕುದಿಯುವ ಜಲಾಶಯಗಳ ನೆಲವಲ್ಲ. ೨೦೦೧ ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದುವು. ಅಷ್ಟು ಆಳದಲ್ಲಿಯೂ ಬಂಡೆಯ ಶಾಖವು ಸುಮಾರು ೬೫ ಡಿಗ್ರಿಯ ಆಸುಪಾಸಿನಲ್ಲಿದ್ದಿತು. ಅತ್ಯಂತ ಪ್ರಾಚೀನವಾದ ಈ ಶಿಲಾಪೀಠವು ಬಹುಕಾಲದ ಹಿಂದೆಯೇ ತಣಿದುದಾಗಿದೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ದಡದಲ್ಲಿರುವ ಬೆಂದ್ರು ತೀರ್ಥವು ಈ ನಾಡಿನ ಪ್ರಸಿದ್ಧವಾದ ಬಿಸಿನೀರಿನ ಸೆಲೆ. ಅದರ ಬಿಸುಪಿಗೆ ಜ್ವಾಲಾಮುಖಿ ಕಾರಣವಲ್ಲ. ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಬಂಡೆಯ ಶಾಖವನ್ನು ಹೀರಿ, ಮತ್ತೊಂದು ಬಿರುಕಿನಲ್ಲಿ ಮೇಲೇರಿ ಬರುವುದೆಂಬುದೇ ಇಂಥ ಸೆಲೆಗಳಿಗೆ ಒಪ್ಪುವ ವಿವರಣೆ. ಕೋಲಾರದ ಅಳತೆಯನ್ನೇ ಹಿಡಿದರೆ, ನೆಲಮಟ್ಟದ ನೀರಿಗಿಂತ ೧೦ ಡಿಗ್ರಿ ಬೆಚ್ಚಗಾಗಬೇಕಾದ ನೀರು ಅರ್ಧ ಕಿಲೋಮೀಟರಿಗೂ ಮಿಕ್ಕ ಆಳವನ್ನು ಮುಟ್ಟಿ ಬಂದಿರಬೇಕು.

ಇಲ್ಲಿ ಯಾರೂ ಹಾಕದೆಯೇ ನೀರಿನಲ್ಲಿರುವ ಕುರುಹುಗಳಿಗೆ ಪ್ರಾಶಸ್ತ್ಯ ಬರುವುದು. ಬಿಸಿನೀರು ಬಂಡೆಯಿಂದ ಹೆಚ್ಚು ಸಿಲಿಕವನ್ನು ಕರಗಿಸಿಕೊಳ್ಳುವುದರಿಂದ, ಮೇಲೆ ಬಂದ ನೀರಿನ ಸಿಲಿಕವನ್ನು ಅಳೆದು ಕೆಳಗಿನ ಶಾಖವನ್ನು ಊಹಿಸಬಹುದು. ಈ ಮಾರ್ಗವನ್ನು ಫೋರ್ನಿಯೆ ಮತ್ತು ರೋ ಎಂಬವರು ೧೯೬೬ ರಲ್ಲಿ ತೋರಿಸಿಕೊಟ್ಟರು. ಆದರೆ ಹೊಳೆಯ ತಣ್ಣೀರು ದಾರಿಯಲ್ಲಿ ಬೆರೆತರೆ ಸಿಲಿಕವು ತೆಳುವಾಗಿ, ಊಹಿಸಿದ ಶಾಖವು ನಿಜವಾದ ಶಾಖಕ್ಕಿಂತ ಕಡಿಮೆಯಾಗುವುದು. ಹೊಳೆಯ ದಡದಲ್ಲಿಯೇ ಇರುವ ಸೆಲೆಯೊಂದರ ವಿಷಯದಲ್ಲಿ ಈ ಸಂದೇಹವನ್ನು ಕಳೆದುಕೊಳ್ಳದೆ ಮುಂದುವರಿಯಲಾಗದು.

ಹಾವೇರಿಯ ಸೀಮೆಗೆ ಬಂದರೆ ಬಿಸಿಯ ಮಾತೇ ಇಲ್ಲ. ಬಿರುಕಿನ ಮಾತು ಮಾತ್ರ ಅದೇ ಆಗಿದೆ. ೧೯೯೭ ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯ ತಳದಲ್ಲಿರುವುದು ಧಾರವಾಡ ವರ್ಗದ ಪದರುಗಲ್ಲುಗಳು ಮತ್ತು ನೈಸ್ ಶಿಲೆಗಳು. ಈ ವರ್ಗದೊಳಗಿನ ಗ್ರೇವ್ಯಾಕ್ ಎಂಬ ಶಿಲಾಸಮೂಹವೊಂದಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿರುವರು. ಈ ಕಲ್ಲುಗಳ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ಇರುವುದು. ಬಿರುಕಿನ ಅಗಲ ಇಮ್ಮಡಿಯಾದರೆ ಅದರಲ್ಲಿ ಹರಿಯುವ ನೀರು ಎಂಟು ಮಡಿಯಾಗುವುದೆಂಬುದು ದ್ರವಚಲನಶಾಸ್ತ್ರದ ನಿಯಮ. ಅಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಒಂದು ಉಕ್ಕಿ ಇನ್ನೊಂದು ಒಣಗುವುದಕ್ಕೆ ದೈವವನ್ನು ದೂರಬೇಕಾಗಿಲ್ಲ. ಈ ನಿಯಮವೇ ಸಾಕು. ಉಷ್ಣಜಲಾಶಯದ ಶಾಸ್ತ್ರಜ್ಞರು ಕಲಿತ ಪಾಠವು ತಣ್ಣನೆಯ ಈ ನೆಲಕ್ಕೂ ಸಲ್ಲುವುದು ಈ ಬಿರುಕಿನ ಮೂಲಕವಾಗಿಯೇ.

೪

ನಮ್ಮ ದೇಶದ ಗಟ್ಟಿಕಲ್ಲಿನ ಸೀಮೆಗಳಲ್ಲಿ ಮಳೆಯ ಎಷ್ಟಂಶ ನೆಲದೊಳಕ್ಕೆ ಇಂಗುವುದೆಂಬುದರ ವಿಷಯವಾಗಿ ಕುರುಹುದ್ರವ್ಯಗಳಿಂದ ದೊರೆತ ಎರಡು ಸಾಕ್ಷ್ಯಗಳು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದಿಂದಲೇ ಬಂದಿವೆ. ಅವೆರಡನ್ನೂ ಜತೆಯಲ್ಲಿಟ್ಟು ನೋಡುವುದು ಅವಶ್ಯಕ.

ಮೊದಲನೆಯದು ಟ್ರಿಟಿಯಮ್ ಹಾಕುವ ಪದ್ಧತಿ. ಹೈಡೆಲ್‌ಬರ್ಗಿನ ಝಿಮ್ಮರ್‌ಮಾನ್, ಮ್ಯುನ್ನಿಖ್, ರೋಥರ್ ಎಂಬವರು ೧೯೬೭ ರಲ್ಲಿ ವಿವರಿಸಿದ ಈ ಕ್ರಮದಲ್ಲಿ, ಮಳೆಗಾಲಕ್ಕೆ ಮುಂಚೆ ಬೇರುಗಳ ಕೆಳಗಿನ ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದ ಟ್ರಿಟಿಯಮ್ ನೀರನ್ನು ಇಡುವರು. ಮಳೆಗಾಲ ಮುಗಿದ ಬಳಿಕ ಅದೇ ಸ್ಥಳದ ಮಣ್ಣನ್ನು ಪದರ ಪದರವಾಗಿ ತೆಗೆದು, ಗುರುತು ಎಷ್ಟು ಕೆಳಗಿಳಿದಿದೆಯೆಂದು ಅಳೆಯುವರು. ಅದು ಇಳಿದ ಅಂತರದೊಳಗಿನ ತೇವವೇ ಆ ವರ್ಷ ಇಂಗಿದ ನೀರು. ರಂಗರಾಜನ್ ಮತ್ತು ಆಠವಲೆ ಅವರು ೨೦೦೦ ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದೇಶದ ಸುಮಾರು ೩೫ ಪ್ರದೇಶಗಳ ಇಂಥ ಅಳತೆಗಳು ಒಟ್ಟುಗೂಡಿವೆ. ಇಂಗಿದ ನೀರು ೨೪ ರಿಂದ ೧೯೮ ಮಿಲಿಮೀಟರಿನವರೆಗೆ, ಎಂದರೆ ಮಳೆಗಾಲದ ಮಳೆಯಲ್ಲಿ ಸುಮಾರು ಶೇಕಡ ೪ ರಿಂದ ೨೦ ರವರೆಗೆ, ವ್ಯತ್ಯಾಸವಾಗುವುದೆಂದು ಅದರಿಂದ ತಿಳಿಯುವುದು.

ಎರಡನೆಯದು ಸುಖೀಜ ಮತ್ತು ಅವರ ಸಹೋದ್ಯೋಗಿಗಳು ೨೦೦೩ ರಲ್ಲಿ ಪ್ರಕಟಿಸಿದ ಪ್ರಬಂಧ. ಮಣ್ಣಿನಲ್ಲಿ ಮೇಲಿನ ನೀರು ಕೆಳಗಿನ ನೀರನ್ನು ತಳ್ಳುತ್ತ ಇಳಿಯುವುದೊಂದು ದಾರಿ. ಬಿರುಕು, ಬೇರಿನ ತೂತು ಮೊದಲಾದವುಗಳಲ್ಲಿ ನೀರು ನೇರವಾಗಿ ಧುಮುಕುವುದು ಇನ್ನೊಂದು ದಾರಿ. ಇವೆರಡರ ಪಾಲನ್ನು ಬೇರ್ಪಡಿಸಿ ನೋಡಿದಾಗ, ಬಿರುಕುಬಿಟ್ಟ ಗ್ರಾನೈಟ್ ಸೀಮೆಯಲ್ಲಿ ಒಟ್ಟು ಇಂಗುವಿಕೆಯ ಮುಕ್ಕಾಲು ಪಾಲು ಎರಡನೆಯ ದಾರಿಯಿಂದಲೂ, ಅರೆಗಟ್ಟಿಯಾದ ಮರಳುಗಲ್ಲಿನ ಸೀಮೆಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಆ ದಾರಿಯಿಂದಲೂ ಬರುವುದೆಂದು ಅವರು ಕಂಡರು.

ಎರಡು ಪ್ರಬಂಧಗಳನ್ನೂ ಒಟ್ಟಿಗೆ ಓದಿದವರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ಮಣ್ಣಿನಲ್ಲಿಟ್ಟ ಟ್ರಿಟಿಯಮ್ ಮೊದಲನೆಯ ದಾರಿಯ ನೀರಿಗೆ ಮಾತ್ರ ಸಾಕ್ಷಿ. ಪಕ್ಕದ ಬಿರುಕಿನಲ್ಲಿ ಧುಮುಕಿಹೋದ ನೀರನ್ನು ಅದು ನೋಡಲೇ ಇಲ್ಲ. ಹಾಗಾದರೆ ಗ್ರಾನೈಟ್ ಸೀಮೆಗಳಲ್ಲಿ ಮೊದಲಿನ ಅಳತೆಗಳೆಲ್ಲವೂ ನಾಲ್ಕನೆಯ ಒಂದು ಪಾಲಿನ ಅಳತೆಗಳೋ? ಎರಡು ಸಾಕ್ಷ್ಯಗಳಲ್ಲಿ ಒಂದು ಸುಳ್ಳೋ? ಸುಳ್ಳಲ್ಲ. ಎರಡೂ ತಾವು ನಡೆದ ದಾರಿಯನ್ನು ಕುರಿತು ನಿಜವನ್ನೇ ನುಡಿದಿವೆ. ದೋಷವಿರುವುದು ಒಂದು ದಾರಿಯ ಸಾಕ್ಷಿಯನ್ನು ಎರಡು ದಾರಿಗಳಿಗೂ ಅನ್ವಯಿಸುವವರ ಅವಸರದಲ್ಲಿ.

ಎರಡನೆಯ ಸಾಕ್ಷ್ಯವನ್ನೂ ಕಣ್ಣುಮುಚ್ಚಿ ಒಪ್ಪತಕ್ಕದ್ದಲ್ಲ. ಒಟ್ಟು ಇಂಗುವಿಕೆಯನ್ನು ತಿಳಿಯುವುದಕ್ಕೆ ಕ್ಲೋರೈಡು ಎಂಬ ಸಹಜ ಕುರುಹನ್ನು ಆಶ್ರಯಿಸುವುದು ರೂಢಿ. ಮಳೆಯೊಡನೆ ಬಂದ ಕ್ಲೋರೈಡು ಬಿಸಿಲಿಗೆ ಆವಿಯಾಗಿ ಹೋಗುವುದಿಲ್ಲ. ಆದುದರಿಂದ ಬಾವಿಯ ನೀರಿನಲ್ಲಿ ಅದು ಮಳೆಯ ನೀರಿಗಿಂತ ಹತ್ತರಷ್ಟಿದ್ದರೆ, ಮಳೆಯ ಹತ್ತರಲ್ಲೊಂದು ಪಾಲು ಇಂಗಿತೆಂದು ಲೆಕ್ಕ. ಇದರ ಆಧಾರವೆಲ್ಲವೂ ಕ್ಲೋರೈಡು ಮಳೆಯಿಂದಲೇ ಬಂದುದೆಂಬ ಊಹೆಯ ಮೇಲಿದೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿಗಳನ್ನು ಬೆಳೆಯುವ ಬ್ಯಾಡಗಿ-ರಾಣೆಬೆನ್ನೂರುಗಳ ಹೊಲಗಳಲ್ಲಿ ಈ ಊಹೆಯು ನಿಲ್ಲುವುದು ಕಷ್ಟ. ಪೊಟ್ಯಾಷ್ ಗೊಬ್ಬರವಾಗಿ ಹಾಕುವ ಮ್ಯೂರಿಯೇಟು ಪೊಟ್ಯಾಸಿಯಮ್ ಕ್ಲೋರೈಡಲ್ಲದೆ ಬೇರೆಯಲ್ಲ. ಊರಿನ ಬಚ್ಚಲು ನೀರೂ ಕೊಟ್ಟಿಗೆಯ ಗಂಜಲವೂ ಕ್ಲೋರೈಡನ್ನು ಕೂಡಿಸುವುವು. ಬಾವಿಯಲ್ಲಿ ಕ್ಲೋರೈಡು ಹೆಚ್ಚಿದಷ್ಟೂ ಇಂಗುವಿಕೆಯ ಲೆಕ್ಕವು ಕುಗ್ಗುವುದರಿಂದ, ಗೊಬ್ಬರ ಹಾಕಿದ ಹೊಲದಲ್ಲಿ ಈ ಪದ್ಧತಿಯು ನೀರನ್ನು ಕಡಿಮೆಯಾಗಿಯೇ ತೋರಿಸುವುದು.

೫

ಈ ಸೂಕ್ಷ್ಮಗಳಿಂದ ರೈತನಿಗೇನಾಗಬೇಕೆಂದು ಕೇಳುವವರಿಗೆ ಒಂದು ಲೆಕ್ಕವನ್ನು ಹೇಳಬಹುದು. ಅಂತರ್ಜಲವನ್ನು ಅಂದಾಜುಮಾಡುವುದಕ್ಕಾಗಿ ೧೯೯೭ ರ ತಜ್ಞಸಮಿತಿಯು ಕೊಟ್ಟ ಮಾನದಂಡಗಳಲ್ಲಿ, ಶಿಥಿಲವಾದ ಗ್ರಾನೈಟ್, ನೈಸ್ ಮತ್ತು ಪದರುಗಲ್ಲುಗಳಿಗೆ ಜೇಡಿಯ ಅಂಶ ಕಡಿಮೆಯಿದ್ದರೆ ಮಳೆಯ ಶೇಕಡ ೧೧ ನ್ನೂ, ಹೆಚ್ಚಾಗಿದ್ದರೆ ಶೇಕಡ ೮ ನ್ನೂ ಇಂಗುವ ಪಾಲೆಂದು ಹಿಡಿಯಲು ಹೇಳಿದೆ. ಹಾವೇರಿ ಜಿಲ್ಲೆಯ ವಾರ್ಷಿಕ ಮಳೆ ಸುಮಾರು ೭೫೦ ಮಿಲಿಮೀಟರು. ಇಡೀ ವರ್ಷದ ಮಳೆಗೆ ಈ ಪಾಲನ್ನು ಹಾಕಿದರೆ ಒಂದರಲ್ಲಿ ೮೨.೫ ಮಿಲಿಮೀಟರೂ ಇನ್ನೊಂದರಲ್ಲಿ ೬೦ ಮಿಲಿಮೀಟರೂ ಆಗುವುದು. ವ್ಯತ್ಯಾಸವು ಹೆಕ್ಟೇರಿಗೆ ೨೨೫ ಘನಮೀಟರು, ಎಂದರೆ ಎರಡೂಕಾಲು ಲಕ್ಷ ಲೀಟರು ನೀರು. ಒಂದು ಗ್ರಾಮದಲ್ಲಿ ಇನ್ನೂ ಬಾವಿಗಳನ್ನು ಕೊರೆಯಬಹುದೋ ಬಾರದೋ ಎಂಬ ತೀರ್ಮಾನವು ಇಂಥ ಅಂದಾಜುಗಳ ಮೇಲೆ ನಿಂತಿರುವಾಗ, ಎರಡು ಅಂಕಿಗಳ ನಡುವೆ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಸೂಕ್ಷ್ಮವಾದರೂ ಅಲ್ಪವಾದ ಮಾತಲ್ಲ.

ಈ ಆಯ್ಕೆಯಲ್ಲಿ ಮಣ್ಣಿನ ಗುಣವನ್ನು ನೋಡದೆ ಮುಂದುವರಿಯುವಂತಿಲ್ಲ. ಮಸಾರಿ ಹೊಲವೂ ಎರೆಹೊಲವೂ ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಎರೆಯು ಜೇಡಿಯಿಂದ ತುಂಬಿದುದು. ಹಸಿಯಾದಾಗ ಉಬ್ಬಿ ನೀರನ್ನು ತಡೆಯುವುದು, ಬೇಸಗೆಯಲ್ಲಿ ಆಳವಾಗಿ ಬಿರಿಯುವುದು. ವೈಶಾಖದಲ್ಲಿ ಆ ಹೆಂಟೆಯ ನಡುವೆ ಟ್ರಿಟಿಯಮನ್ನು ಇಟ್ಟರೆ, ಮೊದಲ ಮಳೆಯು ಬಿರುಕುಗಳಲ್ಲಿ ಧುಮುಕಿಹೋಗುವುದು. ಹೆಂಟೆಯೊಳಗಿನ ಗುರುತು ಕದಲದೆ ಉಳಿಯುವುದು. ಇದರಿಂದ ‘ನೀರು ಇಂಗಲಿಲ್ಲ’ವೆಂದರೆ ತಪ್ಪು. ಬಿರುಕಿಗೆ ಬಿದ್ದ ನೀರೆಲ್ಲವೂ ಬಾವಿಯನ್ನು ಸೇರಿತೆಂದರೆ ಅದೂ ತಪ್ಪು. ಆ ಬಿರುಕು ಅನೇಕ ಕಡೆ ಎರೆಯ ತಳದಲ್ಲಿಯೇ ಕೊನೆಗೊಂಡು, ಅಲ್ಲಿಯ ನೀರನ್ನು ಹೆಂಟೆಯೇ ಪಕ್ಕದಿಂದ ಹೀರಿಕೊಳ್ಳಬಲ್ಲುದು. ರೋಡಮೀನ್ ಮೊದಲಾದ ಕೆಂಪು ಬಣ್ಣಗಳು ಜೇಡಿಗೆ ಅಂಟಿಕೊಳ್ಳುವ ಸ್ವಭಾವದವು. ಅವು ಎರೆಯ ಕೆಳಗೆ ಕಾಣಲಿಲ್ಲವೆಂಬುದಕ್ಕೆ ಅರ್ಥವೇ ಇಲ್ಲ. ಹಿಂದೆ ಹೇಳಿದ ಕತ್ತಲೆಯ ಕೋಣೆಯ ನ್ಯಾಯವು ಇಲ್ಲಿ ಸಲ್ಲುವುದು.

ಕಂಡುದಕ್ಕೂ ಮಿತಿಯುಂಟು. ಇಂಗುಗುಂಡಿಯಲ್ಲಿ ಹಾಕಿದ ಬಣ್ಣವು ಎರಡು ದಿನಗಳಲ್ಲಿ ಕೆಳಗಿನ ಕೊಳವೆಬಾವಿಯಲ್ಲಿ ಕಂಡಿತೆಂದೂ, ೧೦ ಕಿಲೋಗ್ರಾಮಿನಲ್ಲಿ ೩೦೦ ಗ್ರಾಮು ಮಾತ್ರ ಅಲ್ಲಿ ಹೊರಬಂದಿತೆಂದೂ ಇಟ್ಟುಕೊಳ್ಳೋಣ. ಆ ಬಾವಿಗೆ ಬಂದುದು ನೂರರಲ್ಲಿ ಮೂರು ಪಾಲು. ಉಳಿದ ತೊಂಬತ್ತೇಳು ಎಲ್ಲಿಗೆ ಹೋಯಿತೆಂಬುದೇ ನಿಜವಾದ ಪ್ರಶ್ನೆ. ಬ್ಯಾಡಗಿಯ ಮೆಣಸಿನಕಾಯಿಗೆ ಬೆಲೆ ಬಂದಿರುವುದು ಅದರ ಬಣ್ಣದಿಂದ. ಖಾರವು ಅದರಲ್ಲಿ ಕಡಿಮೆ. ಕೆಂಪನ್ನು ಕಂಡು ಖಾರವನ್ನು ಅಳೆಯುವವನು ಆ ಪೇಟೆಯಲ್ಲಿ ಮೋಸಹೋಗುವನು. ಬಣ್ಣವು ಬಂದ ವೇಗವನ್ನು ಕಂಡು ನೀರಿನ ಪ್ರಮಾಣವನ್ನು ಅಳೆಯುವವನ ಗತಿಯೂ ಅದೇ. ಅಷ್ಟೇ ಅಲ್ಲದೆ, ಎರಡೇ ದಿನಗಳಲ್ಲಿ ಬಣ್ಣವನ್ನು ತಂದ ಬಿರುಕು ಕೊಳೆಯನ್ನೂ ಎರಡೇ ದಿನಗಳಲ್ಲಿ ತರಬಲ್ಲುದು. ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಮಿಗೆ ಮೀರಿ ನೈಟ್ರೇಟು ಇರಕೂಡದೆಂಬುದು ಭಾರತೀಯ ಮಾನಕ. ಹೊಲದ ನೀರನ್ನು ಮಣ್ಣಿನ ಸೋಸುವಿಕೆಯಿಲ್ಲದೆ ನೇರವಾಗಿ ಬಿರುಕಿಗೆ ಇಳಿಸುವವರು ಯಶಸ್ಸೆಂದು ಹೆಮ್ಮೆಪಡುವ ವೇಗವು ಅಪಾಯದ ಸೂಚನೆಯೂ ಆಗಿರಬಹುದು.

ಬಾವಿಯ ನೀರಿನ ಮಟ್ಟ ಏರಿತೆಂಬುದನ್ನೇ ಇಂಗಿಸುವಿಕೆಯ ಸಿದ್ಧಿಯೆಂದು ಸಾರುವ ಪರಿಪಾಠವೂ ವಿಮರ್ಶೆಗೆ ನಿಲ್ಲುವುದಿಲ್ಲ. ಮಟ್ಟವು ಮಳೆಯಿಂದ ಏರಬಹುದು; ಪಕ್ಕದ ಪಂಪು ನಿಂತುದರಿಂದ ಏರಬಹುದು; ತುಂಗಾ ಮೇಲ್ದಂಡೆಯ ಕಾಲುವೆಯಲ್ಲಿ ನೀರು ಹರಿದುದರಿಂದಲೂ ಏರಬಹುದು. ಇವನ್ನು ಬೇರ್ಪಡಿಸುವ ಕುರುಹು ನೀರಿನಲ್ಲಿಯೇ ಇದೆ. ಮಲೆನಾಡಿನಿಂದ ಬಂದ ಕಾಲುವೆಯ ನೀರಿನಲ್ಲಿ ಲವಣಗಳು ಕಡಿಮೆ. ಬಯಲಿನ ಬಾವಿಯ ನೀರಿನಲ್ಲಿ ಹೆಚ್ಚು. ಹಾವೇರಿಯ ಹೆಗ್ಗೇರಿಯಂಥ, ಕಾಗಿನೆಲೆಯ ಕೆರೆಯಂಥ ಬಯಲ ಕೆರೆಗಳಲ್ಲಿ ನಿಂತು ಬಿಸಿಲಿಗೆ ಆವಿಯಾದ ನೀರಿನಲ್ಲಿ ಭಾರವಾದ ಆಮ್ಲಜನಕವೂ ಭಾರವಾದ ಜಲಜನಕವೂ ಹೆಚ್ಚಾಗಿ ಉಳಿಯುವುವು. ಕೆರೆಯ ಕೆಳಗಿನ ಬಾವಿಗಳಲ್ಲಿ ಇವುಗಳ ಪ್ರಮಾಣವನ್ನು ಅಳೆದರೆ, ಆ ನೀರಿನಲ್ಲಿ ಕೆರೆಯ ಪಾಲೆಷ್ಟು, ನೇರವಾದ ಮಳೆಯ ಪಾಲೆಷ್ಟು ಎಂಬುದು ತಿಳಿಯುವುದು. ಹೊರಗಿನಿಂದ ಒಂದು ತೊಟ್ಟನ್ನೂ ಹಾಕದೆ ದೊರೆಯುವ ಈ ಸಾಕ್ಷ್ಯಕ್ಕೆ ಕುಡಿಯುವ ನೀರಿನ ಬಾವಿಗಳಿರುವ ಊರುಗಳಲ್ಲಿ ಮೊದಲ ಮನ್ನಣೆ ಸಲ್ಲತಕ್ಕುದು.

೬

ಮೇಲಿನ ವಿಮರ್ಶೆಯಿಂದ ಕೆಲವು ನಿಯಮಗಳು ತಾವಾಗಿ ಹೊರಡುವುವು. ದ್ರವ್ಯವನ್ನು ಹಾಕುವುದಕ್ಕೆ ಮೊದಲೇ ಎಲ್ಲ ಬಾವಿಗಳಲ್ಲಿಯೂ ಅದರ ಸಹಜವಾದ ಪ್ರಮಾಣವನ್ನು ಅಳೆದಿರಬೇಕು. ಇಲ್ಲದಿದ್ದರೆ ಮೊದಲಿನಿಂದ ಇದ್ದುದನ್ನೇ ಬಂದುದೆಂದು ಎಣಿಸುವ ಭಯವುಂಟು. ಗುಣದಲ್ಲಿ ಭಿನ್ನವಾದ ಎರಡು ದ್ರವ್ಯಗಳನ್ನಾದರೂ ಒಟ್ಟಿಗೆ ಹಾಕಬೇಕು. ಜೇಡಿಗೆ ಅಂಟುವುದು ಹಿಂದುಳಿದು, ಅಂಟದ ಬ್ರೋಮೈಡು ಮುಂದೆ ಬಂದರೆ ಅವುಗಳ ಅಂತರವೇ ದಾರಿಯ ಸ್ವರೂಪವನ್ನು ತಿಳಿಸುವುದು. ನಿರೀಕ್ಷೆಯಿರುವ ಬಾವಿಗಳನ್ನು ಮಾತ್ರವಲ್ಲದೆ ನಿರೀಕ್ಷೆಯಿಲ್ಲದವುಗಳನ್ನೂ ಕಾಯಬೇಕು. ಬಿರುಕು ಮನುಷ್ಯನ ನಿರೀಕ್ಷೆಯನ್ನು ಅನುಸರಿಸಿ ಸೀಳುವುದಿಲ್ಲ. ಮೊದಲ ದರ್ಶನಕ್ಕೆ ತೃಪ್ತಿಪಡದೆ, ಮಳೆಗಾಲವೂ ಬೇಸಗೆಯೂ ಒಂದು ಸುತ್ತು ಬರುವವರೆಗೆ ಕಾದು, ಹಿಂದಿರುಗಿದ ಒಟ್ಟು ಪ್ರಮಾಣವನ್ನು ಹಾಕಿದ ಪ್ರಮಾಣದೊಡನೆ ಹೋಲಿಸಬೇಕು. ಕಡೆಯದಾಗಿ, ನೀರನ್ನು ಕುಡಿಯುವ ಗ್ರಾಮಸ್ಥರಿಗೆ ಏನನ್ನು ಹಾಕುವರೆಂಬುದನ್ನು ಅವರ ಮಾತಿನಲ್ಲಿಯೇ ತಿಳಿಸಿ ಅವರ ಸಮ್ಮತಿಯನ್ನು ಪಡೆಯಬೇಕು. ಬಣ್ಣದ ನೀರನ್ನು ಕಂಡು ಒಮ್ಮೆ ಬೆದರಿದ ಊರಿನಲ್ಲಿ ಎರಡನೆಯ ಪ್ರಯೋಗಕ್ಕೆ ಅವಕಾಶ ದೊರೆಯದು.

ಕುರುಹುದ್ರವ್ಯವು ಒಳ್ಳೆಯ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ತಾನು ನಡೆದ ದಾರಿಗೆ ಮಾತ್ರ ಸಾಕ್ಷಿ. ಹೆಂಟೆಯಲ್ಲಿ ಕುಳಿತ ಟ್ರಿಟಿಯಮ್ ಬಿರುಕನ್ನು ಕುರಿತು ಮಾತನಾಡಲಾರದು. ಬಿರುಕಿನಲ್ಲಿ ಓಡಿದ ಬಣ್ಣವು ಹೆಂಟೆಯನ್ನು ಕುರಿತು ಮಾತನಾಡಲಾರದು. ಹಾವೇರಿಯ ಸೀಮೆಗೆ ಶೇಕಡ ೮ ಸಲ್ಲುವುದೋ ೧೧ ಸಲ್ಲುವುದೋ ಎಂಬ ಪ್ರಶ್ನೆಯನ್ನು ಗ್ರಾನೈಟ್ ಸೀಮೆಯ ಅಂಕಿಗಳನ್ನು ತಂದು ಗುಣಿಸಿ ಬಿಡಿಸಲಾಗದು. ಮಸಾರಿಯಲ್ಲೊಂದು, ಎರೆಯಲ್ಲೊಂದು, ಕೆರೆಯ ಕೆಳಗೊಂದು, ಹೀಗೆ ಆಯಾ ನೆಲದಲ್ಲಿಯೇ ಎರಡು ದಾರಿಗಳ ಸಾಕ್ಷಿಗಳನ್ನೂ ಒಟ್ಟಿಗೆ ಕೇಳಬೇಕು. ಅಲ್ಲಿಯವರೆಗೆ ಹೆಚ್ಚು ನೀರಿದೆಯೆಂದು ಹೇಳುವ ಅಂಕಿಗಿಂತ ಕಡಿಮೆಯಿದೆಯೆಂದು ಹೇಳುವ ಅಂಕಿಯನ್ನು ಹಿಡಿದು ನಡೆಯುವುದು ವಿವೇಕ. ಏಕೆಂದರೆ ಮೊದಲನೆಯದು ತಪ್ಪಾದರೆ ಅದರ ದಂಡವನ್ನು ತೆರುವವನು ಸಾಲಮಾಡಿ ಬಾವಿಯನ್ನು ಕೊರೆಸಿದ ರೈತನೇ ಆಗಿರುವನು.